ಬಿಸಿಲಿಗೆ ಜಾರುವ, ಫ್ರೀಜರಿನಲ್ಲಿ ಉದುರುವ ಲೇಬಲ್

ಪ್ರಶ್ನೆ: ನಾವು ಮನೆಯಲ್ಲೇ ಉಪ್ಪಿನಕಾಯಿ, ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತೇವೆ. ಮಾವಿನ ಕಾಲದಲ್ಲಿ ಹಣ್ಣಿನ ರಸ ತೆಗೆದು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಫ್ರೀಜರಿನಲ್ಲಿಟ್ಟು, ಸೀಕರಣೆಗೆ ಬೇಕೆಂದು ಕೇಳುವವರಿಗೆ ಕೊಡುತ್ತೇವೆ. ಎಲ್ಲದಕ್ಕೂ ಒಂದೇ ಪ್ರೆಸ್ಸಿನಲ್ಲಿ ಮಾಡಿಸಿದ ಸ್ಟಿಕ್ಕರ್ ಲೇಬಲ್. ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪಿನಕಾಯಿ ಬಾಟಲಿಯ ಮೇಲೆ ಅದು ಜಾರಿ ಸೊಟ್ಟಗಾಗುತ್ತದೆ, ಅಂಚಿನಲ್ಲಿ ಅಂಟು ಒಸರಿ ಧೂಳು ಹಿಡಿದು ಕಪ್ಪಗಾಗುತ್ತದೆ. ಫ್ರೀಜರಿನ ಡಬ್ಬಿಯ ಮೇಲಿನದು ಎರಡೇ ದಿನಕ್ಕೆ ಕಳಚಿ ಕೆಳಗೆ ಬಿದ್ದಿರುತ್ತದೆ. ಒಂದೇ ಅಂಟು ಬಿಸಿಗೂ ಕೈಕೊಡುತ್ತದೆ, ತಂಪಿಗೂ ಕೈಕೊಡುತ್ತದೆ, ಏಕೆ? ದವಾಖಾನೆಯ ಔಷಧಿ ಬಾಟಲಿಗಳಿಗೆ ಹೀಗಾಗುವುದಿಲ್ಲವಲ್ಲ? ಹಾಗೆಯೇ ಹಳೇ ಬಾಟಲಿಯ ಲೇಬಲ್ ಕೀಳಲು ಸುಲಭದ ದಾರಿ ಇದ್ದರೆ ತಿಳಿಸಿ.
(ಓದುಗರೊಬ್ಬರು, ರಾಯಚೂರು ಜಿಲ್ಲೆ)

ಉತ್ತರ: ನಿಮ್ಮ ಎರಡೂ ತಕರಾರಿಗೆ ಮೂಲ ಒಂದೇ, ಆದರೆ ಕೆಲಸ ಕೆಟ್ಟ ದಿನ ಬೇರೆ ಬೇರೆ. ಬಿಸಿಲಿಗೆ ಜಾರಿದ ಲೇಬಲ್ ಬಿಸಿಲಿನಲ್ಲೇ ಕೆಟ್ಟಿತು. ಫ್ರೀಜರಿನಲ್ಲಿ ಬಿದ್ದದ್ದು ಮಾತ್ರ ಬಹುಮಟ್ಟಿಗೆ ಫ್ರೀಜರಿಗೆ ಹೋಗುವ ಮೊದಲೇ ಕೆಟ್ಟಿತ್ತು. ಚಳಿ ಅದನ್ನು ಬಯಲಿಗೆಳೆಯಿತು, ಅಷ್ಟೆ. ಹಚ್ಚುವ ಗಳಿಗೆಯಲ್ಲಿ ಸರಿಯಾಗಿ ಹಿಡಿದ ಲೇಬಲ್ ನಿಮ್ಮ ಮನೆಯ ಫ್ರೀಜರ್ ಇರಲಿ, ಅದಕ್ಕಿಂತ ಎಷ್ಟೋ ಪಟ್ಟು ಕೊರೆಯುವ ಚಳಿಯನ್ನೂ ತಡೆದುಕೊಳ್ಳುತ್ತದೆ.

ಮೊದಲು ಆ ಅಂಟು ಎಂಥದ್ದು ನೋಡೋಣ. ಸಿನಿಮಾ ಪೋಸ್ಟರಿಗೆ ಬಳಿಯುವ ಮೈದಾ ಅಂಟು, ಅಂಚೆ ಕಚೇರಿಯ ಮೇಜಿನ ಮೇಲಿರುತ್ತಿದ್ದ ಗೋಂದು, ಇವು ಒದ್ದೆಯಾಗಿದ್ದಾಗ ಹರಡಿಕೊಂಡು, ನೀರು ಆರಿದ ಮೇಲೆ ಗಟ್ಟಿಯಾಗಿ ಹಿಡಿಯುತ್ತವೆ. ಫೆವಿಕ್ವಿಕ್‌ನಂಥವು ಗಾಳಿಯ ತೇವ ತಗಲಿ ರಾಸಾಯನಿಕ ಕ್ರಿಯೆ ನಡೆದು ಗಟ್ಟಿಯಾಗುತ್ತವೆ. ಸ್ಟಿಕ್ಕರಿನ ಅಂಟು ಆರುವುದೂ ಇಲ್ಲ, ಕ್ರಿಯೆಗೆ ಒಳಗಾಗುವುದೂ ಇಲ್ಲ. ಕಾರ್ಖಾನೆಯಲ್ಲಿ ಬಳಿದ ದಿನ ಹೇಗಿತ್ತೋ ಬಾಟಲಿಗೆ ಹಚ್ಚಿ ವರ್ಷವಾದ ಮೇಲೂ ಹೆಚ್ಚುಕಮ್ಮಿ ಹಾಗೆಯೇ ಮೆತ್ತಗೆ ಇರುತ್ತದೆ. ಬೆರಳಿನಿಂದ ಒತ್ತಿದರೆ ಸಾಕು, ಹಿಡಿಯುತ್ತದೆ. ಇಂಥ ಅಂಟು ಬಳಿದು, ಹಿಂದೆ ನುಣುಪು ಹಾಳೆ ಇಟ್ಟು, ಬೇಕಾದ ಆಕಾರಕ್ಕೆ ಕತ್ತರಿಸಿದ ಲೇಬಲ್ಲನ್ನು ಮೊದಲು ಮಾರಾಟಕ್ಕೆ ತಂದವರು ಅಮೆರಿಕದ ಸ್ಟಾಂಟನ್ ಏವರಿ. 1935ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಮದುವೆಯಾಗಲಿದ್ದ ಹುಡುಗಿಯಿಂದ 100 ಡಾಲರ್ ಸಾಲ ಪಡೆದು, ಬಟ್ಟೆ ಒಗೆಯುವ ಯಂತ್ರದ ಹಳೇ ಮೋಟಾರು, ಹೊಲಿಗೆ ಯಂತ್ರದ ಬಿಡಿಭಾಗ ಸೇರಿಸಿ ಅವರು ಮೊದಲ ಯಂತ್ರ ಕಟ್ಟಿದರು. ಮನೆಯ ಅಡುಗೆಯಿಂದ ವ್ಯಾಪಾರ ಶುರುಮಾಡಿದ ನಿಮ್ಮಂಥವರಿಗೆ ಇದು ಇಷ್ಟವಾದೀತು ಎಂದು ಹೇಳಿದೆ.

ಇಂದಿನ ಲೇಬಲ್ಲಿನಲ್ಲಿ ಈ ಅಂಟಿನ ಪದರ ಸುಮಾರು 20 ಮೈಕ್ರಾನ್ ದಪ್ಪ, ತಲೆಗೂದಲಿನ ದಪ್ಪದ ಮೂರನೇ ಒಂದು ಪಾಲಿನಷ್ಟು. ಅದು ಎರಡು ತದ್ವಿರುದ್ಧ ಕೆಲಸ ಮಾಡಬೇಕು. ಬಾಟಲಿಯ ಮೈ ನಮ್ಮ ಕಣ್ಣಿಗೆ ನುಣುಪಾಗಿ ಕಂಡರೂ ಸೂಕ್ಷ್ಮವಾಗಿ ತಗ್ಗುದಿಣ್ಣೆಯೇ. ಅಂಟು ದ್ರವದಂತೆ ಹರಿದು ಆ ತಗ್ಗುಗಳಿಗೆ ಇಳಿಯಬೇಕು. ಅಣುಗಳ ನಡುವಿನ ಸೆಳೆತ ಕೆಲಸ ಮಾಡುವುದು ಒಂದು ನ್ಯಾನೋಮೀಟರಿಗಿಂತ ಕಡಿಮೆ ದೂರದಲ್ಲಿ, ಹಾಗಾಗಿ ಹತ್ತಿರ ಹೋದರೆ ಸಾಲದು, ಮೈಗೆ ಮೈ ತಾಗಲೇಬೇಕು. ಇಳಿದು ಕೂತ ಮೇಲೆ ಯಾರಾದರೂ ಎಳೆದರೆ ಅದೇ ಅಂಟು ಘನವಸ್ತುವಿನಂತೆ ಪಟ್ಟು ಬಿಡದೆ ನಿಲ್ಲಬೇಕು. ಹರಿಯಬೇಕು, ಹರಿಯಲೂಬಾರದು.

ಅಡುಗೆಮನೆಯಲ್ಲಿ ನಿಮಗೆ ಇದರ ಪರಿಚಯ ಇದ್ದೇ ಇದೆ: ಬೆಲ್ಲದ ಪಾಕ. ಒಲೆಯ ಮೇಲಿದ್ದಾಗ ಹರಿಯುತ್ತದೆ, ಇಳಿಸಿ ಸ್ವಲ್ಪ ಹೊತ್ತಾದರೆ ಬೆರಳ ನಡುವೆ ಎಳೆ ಬರುತ್ತದೆ, ಪೂರ್ತಿ ತಣಿದರೆ ಚಿಕ್ಕಿಯಾಗಿ ಟಕ್ಕೆಂದು ಮುರಿಯುತ್ತದೆ. ಸ್ಟಿಕ್ಕರಿನ ಅಂಟಿಗೂ ಇದೇ ಮೂರು ಅವಸ್ಥೆ, ಮಧ್ಯದ ಎಳೆಪಾಕದ ಅವಸ್ಥೆ ಮನೆಯ ಉಷ್ಣತೆಗೆ ಬರುವಂತೆ ರಸಾಯನ ತಜ್ಞರು ಅದನ್ನು ಹದಮಾಡಿರುತ್ತಾರೆ. ಕೆಳಗೆ ಒಂದು ಗಡಿ ಇದೆ, ಅದರಾಚೆ ಅಂಟು ಗಾಜಿನ ಸ್ಥಿತಿಗೆ ಹೋಗುತ್ತದೆ. ಅಕ್ರಿಲಿಕ್ ಲೇಬಲ್ ಅಂಟುಗಳಲ್ಲಿ ಈ ಗಡಿ ಸಾಮಾನ್ಯವಾಗಿ ಸೊನ್ನೆಗಿಂತ 20ರಿಂದ 50 ಡಿಗ್ರಿ ಕೆಳಗೆ. ಹಿಡಿತ ಹೆಚ್ಚಲೆಂದು ರಾಳವನ್ನು ಧಾರಾಳವಾಗಿ ಬೆರೆಸಿದ ರಬ್ಬರ್ ಅಂಟುಗಳಲ್ಲಿ ಇನ್ನೂ ಮೇಲೆ. ಗಡಿ ಮುಟ್ಟುವ ಎಷ್ಟೋ ಮೊದಲೇ ಅಂಟು ಗಡುಸಾಗತೊಡಗುತ್ತದೆ.

ಎಷ್ಟು ಮೆತ್ತಗಿದ್ದರೆ ಅಂಟುತ್ತದೆ ಎನ್ನುವುದಕ್ಕೂ ಒಂದು ಲೆಕ್ಕ ಉಂಟು. 3ಎಂ ಕಂಪನಿಯ ವಿಜ್ಞಾನಿ ಕಾರ್ಲ್ ಡಾಲ್ಕ್ವಿಸ್ಟ್ 1960ರ ದಶಕದಲ್ಲಿ ಇದನ್ನು ಅಳೆದರು. ಅಂಟಿನ ಗಡಸುತನ ಸುಮಾರು 3 ಲಕ್ಷ ಪಾಸ್ಕಲ್‌ಗಿಂತ ಕಡಿಮೆ ಇದ್ದರೆ ಮಾತ್ರ ಅದು ಬೆರಳೊತ್ತಿಗೆ ಮೈಯ ತಗ್ಗುಗಳಿಗೆ ಇಳಿದು ಹಿಡಿಯುತ್ತದೆ. ಅದಕ್ಕೂ ಗಡುಸಾದರೆ ಏನು ಒತ್ತಿದರೂ ದಿಣ್ಣೆಗಳ ತುದಿಯ ಮೇಲೆ ಕೂತು ಸುಮ್ಮನಾಗುತ್ತದೆ. ರಬ್ಬರ್ ಬ್ಯಾಂಡ್ ಕೈಗೆ ಅಂಟದಿರುವುದಕ್ಕೆ, ರಬ್ಬರಿನಿಂದಲೇ ಮಾಡಿದ ಟೇಪು ಅಂಟುವುದಕ್ಕೆ ವ್ಯತ್ಯಾಸ ಇಲ್ಲೇ ಇದೆ. ರಬ್ಬರಿಗೆ ರಾಳ ಸೇರಿಸಿ ಆ ಗೆರೆಯ ಕೆಳಗೆ ತಂದಿರುತ್ತಾರೆ.

ಈಗ ನಿಮ್ಮ ಮಾವಿನ ರಸದ ಡಬ್ಬಿಗೆ ಬನ್ನಿ. ಲೇಬಲ್ಲನ್ನು ಯಾವಾಗ ಹಚ್ಚುತ್ತೀರಿ ಎಂದು ನೀವು ಬರೆದಿಲ್ಲ. ಹೆಚ್ಚಿನವರು ಮಾಡುವುದು ಹೀಗೆ: ರಸ ತುಂಬಿ, ಮುಚ್ಚಳ ಹಾಕಿ, ಫ್ರೀಜರಿನಲ್ಲಿಟ್ಟು, ಗಿರಾಕಿ ಬಂದಾಗ ಅಥವಾ ಬಿಡುವಾದಾಗ ಹೊರತೆಗೆದು ಲೇಬಲ್ ಹಚ್ಚಿ ಮತ್ತೆ ಒಳಗಿಡುವುದು. ಮೈನಸ್ 18 ಡಿಗ್ರಿಯ ಡಬ್ಬಿ ಹೊರಗೆ ಬಂದ ಕೂಡಲೇ ಗಾಳಿಯ ತೇವ ಅದರ ಮೈಮೇಲೆ ಬಿಳಿಯ ಹಿಮದ ಪುಡಿಯಾಗಿ ಕೂರುತ್ತದೆ. ಬೆರಳಿನಿಂದ ಗೀರಿದರೆ ಗೆರೆ ಮೂಡುತ್ತದಲ್ಲ, ಅದೇ. ಆ ಹೊತ್ತಿನಲ್ಲಿ ಹಚ್ಚಿದ ಲೇಬಲ್ ಅಂಟಿಕೊಂಡದ್ದು ಹಿಮಕ್ಕೆ, ಡಬ್ಬಿಗಲ್ಲ. ಒರೆಸಿ ಹಚ್ಚಿದರೂ ಅಷ್ಟೇ: ಆ ತಣ್ಣನೆಯ ಮೈ ತಾಗಿದ ಕ್ಷಣವೇ 20 ಮೈಕ್ರಾನಿನ ಅಂಟು ಡಾಲ್ಕ್ವಿಸ್ಟರ ಗೆರೆ ದಾಟಿ ಗಡುಸಾಗುತ್ತದೆ, ಹರಿದು ಕೂರಲು ಅದಕ್ಕೆ ಸಮಯವೇ ಸಿಗುವುದಿಲ್ಲ. ನೋಡಲು ಹಿಡಿದಂತೆ ಕಾಣುತ್ತದೆ, ಏಕೆಂದರೆ ಎಳೆಯುವವರು ಯಾರೂ ಇಲ್ಲ. ಪಕ್ಕದ ಡಬ್ಬಿ ಉಜ್ಜಿದಾಗ, ಮುಚ್ಚಳ ಒತ್ತಿದಾಗ ಕಳಚುತ್ತದೆ.

ಲೇಬಲ್ ತಯಾರಕರು ಕೊಡುವ ಮಾಹಿತಿ ಹಾಳೆಯಲ್ಲಿ ಇದಕ್ಕೇ ಎರಡು ಬೇರೆ ಬೇರೆ ಅಂಕಿ ಇರುತ್ತವೆ. ಒಂದು, ಹಚ್ಚುವಾಗ ಇರಬೇಕಾದ ಕನಿಷ್ಠ ಉಷ್ಣತೆ. ಇನ್ನೊಂದು, ಹಚ್ಚಿದ ಮೇಲೆ ತಾಳಿಕೊಳ್ಳುವ ಉಷ್ಣತೆಯ ವ್ಯಾಪ್ತಿ. ಸಾಮಾನ್ಯ ಅಕ್ರಿಲಿಕ್ ಕಾಗದದ ಲೇಬಲ್ಲಿಗೆ ಮೊದಲನೆಯದು ಸುಮಾರು 5 ಡಿಗ್ರಿ, ಎರಡನೆಯದು ಮೈನಸ್ 20ರಿಂದ 80 ಡಿಗ್ರಿಯ ಆಸುಪಾಸು. ಅಂದರೆ 5 ಡಿಗ್ರಿಗಿಂತ ಬೆಚ್ಚಗಿನ ಡಬ್ಬಿಗೆ ಹಚ್ಚಿ, ಹಿಡಿದ ಮೇಲೆ ಫ್ರೀಜರಿಗೆ ಹಾಕಿದರೆ ನಡೆಯುತ್ತದೆ. ಫ್ರೀಜರಿನಿಂದ ತೆಗೆದು ಹಚ್ಚಿದರೆ ನಡೆಯುವುದಿಲ್ಲ. ಅಂಗಡಿಯವರು 'ಫ್ರೀಜರ್ ಸ್ಟಿಕ್ಕರ್' ಎಂದು ಕೊಡುವಾಗ ಈ ಎರಡರಲ್ಲಿ ಯಾವುದು ಎಂದು ಹೇಳುವುದಿಲ್ಲ, ಎಷ್ಟೋ ಸಲ ಅವರಿಗೂ ಗೊತ್ತಿರುವುದಿಲ್ಲ. ನನ್ನ ಪ್ರಕಾರ ಲೇಬಲ್ ವ್ಯಾಪಾರದಲ್ಲಿ ಇದಕ್ಕಿಂತ ದುಡ್ಡು ಹಾಳುಮಾಡುವ ಗೊಂದಲ ಇನ್ನೊಂದಿಲ್ಲ.

ಡಬ್ಬಿಯ ಪ್ಲಾಸ್ಟಿಕ್ಕೂ ಕಾರಣವೇ. ಹೋಟೆಲಿನ ಪಾರ್ಸೆಲ್ಲಿಗೆ ಬಳಸುವಂಥ ಡಬ್ಬಿ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಅದರ ಮೇಲೊಂದು ಹನಿ ನೀರು ಹಾಕಿ ನೋಡಿ, ಹನಿ ಹನಿಯಾಗಿಯೇ ನಿಲ್ಲುತ್ತದೆ. ಎಣ್ಣೆ ಜಿಡ್ಡಿಲ್ಲದ ಶುದ್ಧ ಗಾಜಿನ ಮೇಲೆ ಅದೇ ಹನಿ ಹರಡಿಕೊಳ್ಳುತ್ತದೆ. ನೀರಿಗೆ ಮೈಕೊಡದ ಪ್ಲಾಸ್ಟಿಕ್ ಅಂಟಿಗೂ ಸುಲಭಕ್ಕೆ ಮೈಕೊಡುವುದಿಲ್ಲ. ಇನ್ನೊಂದು ಪೇಚು ಹಿಗ್ಗು-ಕುಗ್ಗಿನದು. ಪಾಲಿಪ್ರೊಪಿಲೀನ್ ಗಾಜಿಗಿಂತ ಹತ್ತು ಪಟ್ಟಿಗೂ ಹೆಚ್ಚು ಕುಗ್ಗುತ್ತದೆ. 30 ಡಿಗ್ರಿಯಿಂದ ಮೈನಸ್ 18ಕ್ಕೆ ಇಳಿದಾಗ 10 ಸೆಂಟಿಮೀಟರ್ ಉದ್ದಕ್ಕೆ ಸುಮಾರು ಅರ್ಧ ಮಿಲಿಮೀಟರ್ ಮೊಟಕಾಗುತ್ತದೆ. ಮೇಲಿನ ಕಾಗದ ಅಷ್ಟು ಕುಗ್ಗುವುದಿಲ್ಲ. ಈ ಎಳೆದಾಟವನ್ನೆಲ್ಲ ನಡುವಿನ ಅಂಟು ನುಂಗಬೇಕು, ಅದೂ ತಾನೇ ಗಡುಸಾಗುತ್ತಿರುವ ಹೊತ್ತಿನಲ್ಲಿ. ಅದಕ್ಕೇ ಲೇಬಲ್ಲಿನ ಮೂಲೆಗಳು ಮೊದಲು ಏಳುತ್ತವೆ. ಮೂಲೆಯನ್ನು ಚೌಕ ಬಿಡದೆ ದುಂಡಗೆ ಕತ್ತರಿಸಿದರೆ ಈ ತೊಂದರೆ ಎದ್ದು ಕಾಣುವಷ್ಟು ತಗ್ಗುತ್ತದೆ, ಖರ್ಚೂ ಇಲ್ಲ.

ಸರಿಯಾಗಿ ಹಿಡಿದ ಲೇಬಲ್ ಎಷ್ಟು ಚಳಿ ತಡೆಯುತ್ತದೆ ಎಂದು ನೋಡಬೇಕಿದ್ದರೆ ರಕ್ತನಿಧಿಗೆ ಹೋಗಬೇಕು. ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾವನ್ನು ನಮ್ಮ ದೇಶದಲ್ಲಿ ಮೈನಸ್ 30 ಡಿಗ್ರಿ ಅಥವಾ ಅದಕ್ಕೂ ಕೆಳಗೆ ಒಂದು ವರ್ಷದವರೆಗೆ ಇಡುತ್ತಾರೆ. ರೋಗಿಗೆ ಬೇಕಾದಾಗ ಕಲ್ಲಿನಂತಾದ ಆ ಚೀಲವನ್ನು ತೆಗೆದು 37 ಡಿಗ್ರಿಯ ನೀರಿನಲ್ಲಿ ಕರಗಿಸುತ್ತಾರೆ. ರಕ್ತದ ಗುಂಪು, ಚೀಲದ ಸಂಖ್ಯೆ ಬರೆದ ಲೇಬಲ್ ಇಷ್ಟಕ್ಕೂ ಜಗ್ಗಬಾರದು. ಅದು ಕಳಚಿದರೆ ಚೀಲವನ್ನು ಎಸೆಯುವುದೊಂದೇ ದಾರಿ. ಅಲ್ಲಿ ಅಂಟಿನ ಮಹಿಮೆಯಷ್ಟೇ ಕ್ರಮದ ಮಹಿಮೆಯೂ ಇದೆ. ಲೇಬಲ್ ಬೀಳುವುದು ಬೆಚ್ಚಗಿನ, ಒಣ ಚೀಲದ ಮೇಲೆ, ಆಮೇಲೆ ಚಳಿ. ಪ್ರಯೋಗಾಲಯಗಳಲ್ಲಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ಇಳಿಸುವ ಪುಟ್ಟ ಸೀಸೆಗಳಿಗೂ ಇದೇ ನಿಯಮ: ಕೋಣೆಯ ಉಷ್ಣತೆಯಲ್ಲಿ ಹಚ್ಚು, ಒಂದು ದಿನ ಬಿಡು, ಆಮೇಲೆ ಇಳಿಸು. ಅಷ್ಟು ಚಳಿಯಲ್ಲಿ ಯಾವ ಅಂಟೂ ಅಂಟಾಗಿ ಉಳಿದಿರುವುದಿಲ್ಲ, ಪೂರ್ತಿ ಗಾಜು. ಆದರೂ ತಗ್ಗುಗಳಿಗೆ ಇಳಿದು ಗಾಜಾದದ್ದು ಅಲ್ಲೇ ಕೀಲಿ ಹಾಕಿದಂತೆ ನಿಲ್ಲುತ್ತದೆ, ಬಗ್ಗಿಸದಿದ್ದರೆ, ಕುಟ್ಟದಿದ್ದರೆ. ಹೆಚ್ಚಿನ ಭದ್ರತೆಗೆ ಲೇಬಲ್ಲನ್ನು ಸೀಸೆಯ ಸುತ್ತ ಪೂರ್ತಿ ಸುತ್ತಿ ಅದರ ಕೊನೆಯನ್ನು ಅದರ ಮೇಲೆಯೇ ಅಂಟಿಸುತ್ತಾರೆ. ಸೀಸೆಯನ್ನು ಬಿಟ್ಟರೂ ತನ್ನನ್ನು ತಾನು ಬಿಡುವುದಿಲ್ಲ ಎಂಬ ಉಪಾಯ.

ನಮ್ಮ ಹೈನುಗಾರರಿಗೆ ಗೊತ್ತಿರುವ ಇನ್ನೊಂದು ದಾರಿ ಲೇಬಲ್ಲನ್ನೇ ಕೈಬಿಡುವುದು. ಹೆಸರಘಟ್ಟದಂಥ ಕೇಂದ್ರಗಳಲ್ಲಿ ತಯಾರಾಗಿ, ದ್ರವ ಸಾರಜನಕದ ಜಾಡಿಯಲ್ಲಿ ಹಳ್ಳಿಯ ಪಶು ಆಸ್ಪತ್ರೆಗೆ ಬರುವ ಕೃತಕ ಗರ್ಭಧಾರಣೆಯ ಸಣ್ಣ ಸ್ಟ್ರಾ ಇದೆಯಲ್ಲ, ಅದರ ಮೈಮೇಲೆ ಹೋರಿಯ ಸಂಖ್ಯೆ, ತಳಿ, ತಯಾರಾದ ವಿವರ ನೇರವಾಗಿ ಅಚ್ಚಾಗಿರುತ್ತದೆ. ನಂದಿನಿ ಹಾಲಿನ ಪ್ಯಾಕೆಟ್ಟಿಗೂ ಲೇಬಲ್ ಇಲ್ಲ, ಫಿಲ್ಮಿನ ಮೇಲೆಯೇ ಮುದ್ರಣ. ಐಸ್‌ಕ್ರೀಮಿನ ದೊಡ್ಡ ಡಬ್ಬಿಗಳಲ್ಲಿ ಅನೇಕಕ್ಕೆ ಚಿತ್ರದ ಹಾಳೆಯನ್ನು ಅಚ್ಚಿನೊಳಗೆ ಮೊದಲೇ ಇಟ್ಟು, ಮೇಲೆ ಕರಗಿದ ಪ್ಲಾಸ್ಟಿಕ್ ಸುರಿಯುತ್ತಾರೆ. ಹಾಳೆ ಡಬ್ಬಿಯ ಗೋಡೆಯೇ ಆಗಿಬಿಡುತ್ತದೆ. ಉಗುರಿನಿಂದ ಕೆರೆದು ನೋಡಿ, ಅಂಚು ಸಿಗುವುದಿಲ್ಲ.

ಇನ್ನು ಬಿಸಿಯ ಕಡೆಗೆ. ಇಲ್ಲಿ ಅಂಟು ನಿಜವಾಗಿಯೂ ಸೋಲುತ್ತದೆ, ಆದರೆ ನಿಧಾನವಾಗಿ. ಉಷ್ಣತೆ ಏರಿದಂತೆ ಅದರ ಹರಿಯುವ ಗುಣ ಹೆಚ್ಚಿ, ಪಟ್ಟು ಹಿಡಿಯುವ ಗುಣ ತಗ್ಗುತ್ತದೆ. ನಿಮ್ಮ ಕಡೆ ಮೇನಲ್ಲಿ ನೆರಳಿನಲ್ಲೇ 42, 43 ಡಿಗ್ರಿ. ಡೆಲಿವರಿ ಗಾಡಿಯ ಒಳಗೆ, ಮುಚ್ಚಿದ ಕಾರಿನಲ್ಲಿ ಇನ್ನೂ ಎಷ್ಟೋ ಹೆಚ್ಚು. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ದಾಟುವುದು ಮಾಮೂಲು. ಅಗ್ಗದ ಲೇಬಲ್ಲುಗಳಲ್ಲಿ ಹೆಚ್ಚಾಗಿ ಬಳಸುವ, ಕರಗಿಸಿ ಬಳಿಯುವ ರಬ್ಬರ್ ಅಂಟಿಗೆ ಇದು ಕಷ್ಟಕಾಲ. ಕಾಗದ ದುಂಡಗಿನ ಬಾಟಲಿಯ ಮೇಲೆ ಬಲವಂತವಾಗಿ ಬಾಗಿ ಕೂತಿರುತ್ತದೆ, ನೆಟ್ಟಗಾಗಲು ಸದಾ ಹವಣಿಸುತ್ತಿರುತ್ತದೆ. ಅಂಟು ಸಡಿಲವಾದ ಕೂಡಲೇ ಅಂಚು ಎದ್ದು ನಿಲ್ಲುತ್ತದೆ. ಬಾಟಲಿ ಸಣ್ಣದಾದಷ್ಟೂ ಬಾಗು ಹೆಚ್ಚು, ತೊಂದರೆಯೂ ಹೆಚ್ಚು. ಒಂದರ ಮೇಲೊಂದು ಪೇರಿಸಿದ ಭಾರಕ್ಕೆ, ಸಾಗಣೆಯ ಅದುರಾಟಕ್ಕೆ ಅಂಟು ಹಿಂಡಿಕೊಂಡು ಅಂಚಿನಿಂದಾಚೆ ಒಸರುತ್ತದೆ. ನೀವು ಹೇಳಿದ ಕಪ್ಪು ಗೆರೆ ಅದೇ. ಬೇಸಿಗೆಯಲ್ಲಿ ಲೇಬಲ್ಲಿನ ಸುರುಳಿಯನ್ನು ತಗಡಿನ ಮಾಡಿನ ಕೆಳಗಿಟ್ಟರೆ ಹಚ್ಚುವ ಮೊದಲೇ ಹೀಗಾಗಿ ಸುರುಳಿಯ ಪಕ್ಕವೆಲ್ಲ ಅಂಟಂಟಾಗುತ್ತದೆ.

ನಿಮ್ಮ ವಿಷಯದಲ್ಲಿ ಬಿಸಿಲಿನ ಜತೆ ಇನ್ನೊಬ್ಬ ಆರೋಪಿ ಇದ್ದಾನೆ, ಎಣ್ಣೆ. ಉಪ್ಪಿನಕಾಯಿ ತುಂಬುವಾಗ ಸೌಟಿನಿಂದ ಬಾಟಲಿಯ ಭುಜದ ಮೇಲೆ ಒಂದು ಹನಿ ಬೀಳದೆ ಇರುತ್ತದೆಯೆ? ಬಟ್ಟೆಯಿಂದ ಒರೆಸುತ್ತೀರಿ, ಆಗ ಹನಿ ಹೋಗಿ ಬಾಟಲಿಯ ಮೈಗೆಲ್ಲ ತೆಳುವಾದ ಎಣ್ಣೆಯ ಪೊರೆ ಆಗುತ್ತದೆ. ಆ ಪೊರೆಯ ಮೇಲೆ ಹಚ್ಚಿದ ಲೇಬಲ್ ಗಾಜನ್ನು ಮುಟ್ಟುವುದೇ ಇಲ್ಲ. ಮೇಲಾಗಿ ರಬ್ಬರ್ ಅಂಟು ಎಣ್ಣೆಯನ್ನು ಹೀರಿ ಊದಿ ಇನ್ನಷ್ಟು ಮೆತ್ತಗಾಗುತ್ತದೆ. ಬಿಸಿ ಉಪ್ಪಿನಕಾಯಿ ತುಂಬಿದ ಬಾಟಲಿ ಆರುವ ಮೊದಲೇ ಹಚ್ಚಿದರೆ ಜಾರುವುದಕ್ಕೆ ಮೇ ತಿಂಗಳೂ ಬೇಡ.

ಶಾಖಕ್ಕೆ ಬೆಳಕೂ ಸೇರಿದರೆ ಕೇಡು ಬೇರೆ ತರಹದ್ದು. ಹಳೇ ಪುಸ್ತಕದ ಹರಿದ ಹಾಳೆಗೆ ಹಿಂದೆ ಯಾರೋ ಹಚ್ಚಿದ ಸೆಲ್ಲೋಟೇಪು ಹಳದಿಯಾಗಿ, ಒಣಗಿ, ಮುಟ್ಟಿದರೆ ಉದುರಿ, ಕಂದು ಕಲೆಯನ್ನಷ್ಟೇ ಬಿಟ್ಟುಹೋಗಿರುವುದನ್ನು ನೋಡಿದ್ದೀರಲ್ಲ. ರಬ್ಬರಿನ ಅಣುಸರಪಳಿಯಲ್ಲಿ ಜೋಡಿ ಬಂಧಗಳಿವೆ, ಗಾಳಿಯ ಆಮ್ಲಜನಕ, ಬಿಸಿಲಿನ ಅತಿನೇರಳೆ ಕಿರಣ ಅವನ್ನು ಹುಡುಕಿ ಕಡಿಯುತ್ತವೆ. ಅಕ್ರಿಲಿಕ್ ಸರಪಳಿಯಲ್ಲಿ ಅಂಥ ಬಂಧಗಳಿಲ್ಲ. ವರ್ಷಗಟ್ಟಲೆ ಬಿಸಿಲಿಗೆ ಮೈಯೊಡ್ಡಬೇಕಾದ ಕಡೆ ಅಕ್ರಿಲಿಕ್ಕನ್ನೇ ಆರಿಸುವುದು ಈ ಕಾರಣಕ್ಕೆ. ಸ್ಕೂಟರಿನ ಮೇಲಿನ ಪಿವಿಸಿ ಸ್ಟಿಕ್ಕರ್ ವರ್ಷ ಕಳೆದಂತೆ ಕುಗ್ಗಿ, ಸುತ್ತ ಅಂಟಿನ ಚೌಕಟ್ಟು ಬಿಟ್ಟಿರುವುದಕ್ಕೆ ಕಾರಣ ಮಾತ್ರ ಬೇರೆ. ಅಲ್ಲಿ ಕುಗ್ಗಿದ್ದು ಮೇಲಿನ ಹಾಳೆ.

ಹಾಗಾದರೆ ಬಿಸಿಗೆ ಹರಿಯದ ಅಂಟು ಮಾಡಲಾಗದೆ? ಮಾಡಬಹುದು. ಅಂಟಿನ ಅಣುಸರಪಳಿಗಳನ್ನು ಅಲ್ಲಲ್ಲಿ ಒಂದಕ್ಕೊಂದು ಗಂಟು ಹಾಕಿದರಾಯಿತು, ಎಷ್ಟು ಕಾದರೂ ಒಂದರ ಮೇಲೊಂದು ಜಾರುವುದಿಲ್ಲ. ಮೊಬೈಲು, ಟಿವಿಯ ಸರ್ಕ್ಯೂಟ್ ಬೋರ್ಡು ತಯಾರಾಗುವಾಗ ಅದರ ಮೇಲೊಂದು ಬಾರ್‌ಕೋಡ್ ಲೇಬಲ್ ಇರುತ್ತದೆ. ಸೀಸವಿಲ್ಲದ ಬೆಸುಗೆ ಲೋಹ ಕರಗುವುದು 217 ಡಿಗ್ರಿಯ ಸುಮಾರಿಗೆ, ಹಾಗಾಗಿ ಬೋರ್ಡು 240, 250 ಡಿಗ್ರಿಯ ಒಲೆಯೊಳಗೆ ಹಾದು ಬರುತ್ತದೆ. ಲೇಬಲ್ಲೂ ಜತೆಗೇ ಹೋಗಿ ಬರಬೇಕು. ಅದರ ಹಾಳೆ ಪಾಲಿಇಮೈಡ್, ಅಂಟು ಗಂಟುಗಳಿಂದ ಬಿಗಿದ ಸಿಲಿಕೋನ್ ಅಥವಾ ಅಕ್ರಿಲಿಕ್. ಆದರೆ ಗಂಟು ಹೆಚ್ಚಿದಷ್ಟೂ ತಗ್ಗುಗಳಿಗೆ ಇಳಿಯುವ ಮೆತ್ತನೆತನ ಕಡಿಮೆಯಾಗುತ್ತದೆ, ಚಳಿಯಲ್ಲಿ ಹಿಡಿಯುವುದು ಇನ್ನೂ ಕಷ್ಟ. ಬಿಸಿಗೂ ಜಗ್ಗದ, ಹೆಪ್ಪುಗಟ್ಟಿದ ಡಬ್ಬಿಗೂ ಹಿಡಿಯುವ, ಅಗ್ಗವೂ ಆದ ಅಂಟು ಇಲ್ಲದಿರುವುದು ಈ ಜಗ್ಗಾಟದಿಂದಲೇ. ಉಕ್ಕಿನ ಕಾರ್ಖಾನೆಯಲ್ಲಿ ಕೆಂಡದಂಥ ಚಪ್ಪಡಿಗೆ ಗುರುತು ಹಾಕುವಾಗಲಂತೂ ಅಂಟಿನ ಸಹವಾಸವೇ ಬೇಡವೆಂದು ಲೋಹದ ಬಿಲ್ಲೆಯನ್ನು ಬೆಸೆಯುತ್ತಾರೆ, ಇಲ್ಲವೆ ಮೊಳೆ ಹೊಡೆಯುತ್ತಾರೆ.

ಬಿಸಿ ಮತ್ತು ಚಳಿಯ ಈ ಲೆಕ್ಕದೊಳಗೆ ಸಮಯವೂ ಅಡಗಿದೆ. 1955ರಲ್ಲಿ ವಿಲಿಯಮ್ಸ್, ಲ್ಯಾಂಡೆಲ್, ಫೆರ್ರಿ ಎಂಬ ಮೂವರು ಇದಕ್ಕೊಂದು ಸಮೀಕರಣ ಕೊಟ್ಟರು. ಅದರ ತಾತ್ಪರ್ಯ: ಅಂಟಿಗೆ ಚಳಿ ಎಂದರೂ ಅವಸರ ಎಂದರೂ ಒಂದೇ, ಬಿಸಿ ಎಂದರೂ ನಿಧಾನ ಎಂದರೂ ಒಂದೇ. ಸ್ಟೀಲ್ ಪಾತ್ರೆಯ ಮೇಲಿನ ಬೆಲೆಯ ಚೀಟಿಯಲ್ಲಿ ಇದನ್ನು ನೋಡಬಹುದು. ಮೂಲೆ ಹಿಡಿದು ತೀರ ನಿಧಾನವಾಗಿ ಎಳೆದರೆ ಅಂಟು ಎಳೆಎಳೆಯಾಗಿ ಹಿಗ್ಗುತ್ತಾ ಬಿಡುತ್ತದೆ. ಸರಕ್ಕನೆ ಎಳೆದರೆ ಅಂಟು ಗಡುಸಾಗಿ ಪಟ್ಟು ಹಿಡಿದು ಕಾಗದ ಹರಿಯುತ್ತದೆ. ಅದೇ ಪಾತ್ರೆಯನ್ನು ಫ್ರೀಜರಿನಲ್ಲಿಟ್ಟು ತೆಗೆದು ಎಳೆಯಿರಿ, ಎಳೆ ಇಲ್ಲ, ಅಂಟಿಲ್ಲ, ಚೀಟಿ ಟಕ್ಕೆಂದು ಎದ್ದುಬರುತ್ತದೆ.

ಔಷಧಿ ಬಾಟಲಿಯ ಮಾತು ಕೇಳಿದ್ದೀರಿ. ಅಲ್ಲಿ ತೊಳೆದು ಒಣಗಿಸಿದ ಸೀಸೆ, ಉಷ್ಣತೆ ಹತೋಟಿಯಲ್ಲಿರುವ ಕೋಣೆ, ಪ್ರತಿ ಲೇಬಲ್ಲಿಗೂ ಒಂದೇ ಒತ್ತಡ ಕೊಡುವ ಯಂತ್ರ, ಸಣ್ಣ ಸೀಸೆಯ ಬಾಗಿಗೆಂದೇ ಆರಿಸಿದ ತೆಳು ಹಾಳೆ ಮತ್ತು ಅಂಟು ಇರುತ್ತವೆ. ಲಸಿಕೆಯ ಸೀಸೆಯ ಲೇಬಲ್ಲಿನಲ್ಲಂತೂ ಇನ್ನೊಂದು ಸೊಗಸಿದೆ. ಮುಂದಿನ ಸಲ ಮಗುವಿಗೆ ಪೋಲಿಯೋ ಹನಿ ಹಾಕಿಸುವಾಗ ಸೀಸೆಯನ್ನು ಕೇಳಿ ನೋಡಿ, ಒಂದು ವೃತ್ತ, ಅದರೊಳಗೊಂದು ಚೌಕ ಕಾಣುತ್ತದೆ. ಹೊಸದರಲ್ಲಿ ಚೌಕ ವೃತ್ತಕ್ಕಿಂತ ತಿಳಿಯಾಗಿರುತ್ತದೆ. ಸೀಸೆ ತಂಪಿನಿಂದ ಹೊರಗೆ ಕಳೆದ ಹೊತ್ತು, ತಿಂದ ಶಾಖ ಎರಡೂ ಸೇರಿದಂತೆ ಚೌಕದೊಳಗಿನ ರಾಸಾಯನಿಕ ಕಪ್ಪಾಗುತ್ತ ಹೋಗುತ್ತದೆ, ಮತ್ತೆ ತಂಪಿಗಿಟ್ಟರೂ ಹಿಂದಿರುಗುವುದಿಲ್ಲ. ಚೌಕದ ಬಣ್ಣ ವೃತ್ತದ ಬಣ್ಣಕ್ಕೆ ಸಮನಾದರೆ ಆ ಲಸಿಕೆಯನ್ನು ಹಾಕುವಂತಿಲ್ಲ. 1996ರಿಂದ ಪೋಲಿಯೋ ಲಸಿಕೆಗೆ ಈ ಗುರುತು ಬಂತು. ಶಾಖಕ್ಕೆ ಕೆಡುವುದನ್ನೇ ಕೆಲಸವಾಗಿ ಮಾಡಿಕೊಂಡ ಲೇಬಲ್ ಇದು.

ಅಂಟಿನಷ್ಟೇ ಅಕ್ಷರದ ಕಡೆಗೂ ಗಮನವಿಡಿ. ಶಾಯಿ ಇಲ್ಲದೆ ಬಿಸಿಯಿಂದಲೇ ಕಪ್ಪಾಗುವ ಥರ್ಮಲ್ ಕಾಗದದ ಲೇಬಲ್ ಕೊರಿಯರ್ ಪಾರ್ಸೆಲ್ಲಿನ ನಾಲ್ಕು ದಿನಕ್ಕೆ ಸರಿ. ಕಾದ ಗಾಡಿಯಲ್ಲಿ ಅದು ಪೂರ್ತಿ ಮಸುಕುಗಪ್ಪಾಗಬಹುದು, ಎಣ್ಣೆ ತಗಲಿದರೆ, ಬಿಸಿಲಿಗೆ ಬಿದ್ದರೆ ಅಕ್ಷರ ಅಳಿಯುತ್ತದೆ. ತಯಾರಿಸಿದ ದಿನ, ಬಳಸಬಹುದಾದ ಕೊನೆಯ ದಿನ, ಎಫ್ಎಸ್ಎಸ್ಎಐ ಸಂಖ್ಯೆ ಓದಲು ಸಿಗದಿದ್ದರೆ ಒಳ್ಳೆಯ ಉಪ್ಪಿನಕಾಯಿಯೂ ಕಾನೂನಿನ ಕಣ್ಣಿಗೆ ತಪ್ಪಾಗಿ ಕಾಣುತ್ತದೆ. ರಿಬ್ಬನ್ ಬಳಸಿ ಮುದ್ರಿಸುವ ಯಂತ್ರದಲ್ಲಿ ಮಾಡಿಸಿ.

ನಾನಾದರೆ ಎರಡಕ್ಕೂ ಒಂದೇ ಸ್ಟಿಕ್ಕರ್ ಬಳಸುವುದನ್ನು ಬಿಡುತ್ತಿದ್ದೆ. ಉಪ್ಪಿನಕಾಯಿಯ ಗಾಜಿನ ಬಾಟಲಿಗೆ ಅಕ್ರಿಲಿಕ್ ಅಂಟಿನ, ಎಣ್ಣೆ ನೀರು ಹೀರದ ಪ್ಲಾಸ್ಟಿಕ್ ಹಾಳೆಯ ಲೇಬಲ್ ಕೇಳಿ. ಬಾಟಲಿ ತುಂಬುವ ಮೊದಲೇ, ತೊಳೆದು ಪೂರ್ತಿ ಒಣಗಿದ ಮೇಲೆ, ಬೆಳಗಿನ ತಂಪು ಹೊತ್ತಿನಲ್ಲಿ ಹಚ್ಚಿ. ನಡುವಿನಿಂದ ಅಂಚಿಗೆ ಹೆಬ್ಬೆರಳಿನಿಂದ ತೀಡಿ, ಆ ಒತ್ತಡ ಅಲಂಕಾರಕ್ಕಲ್ಲ. ತುಂಬುವಾಗ ಎಣ್ಣೆ ಚೆಲ್ಲಿದರೂ ಆಗ ಲೇಬಲ್ ಆಗಲೇ ಗಾಜನ್ನು ಹಿಡಿದಿರುತ್ತದೆ. ಹೀಗೆ ಹೇಳುವಾಗಲೂ ಒಂದು ಮಾತು ಮನಸ್ಸಿನಲ್ಲಿದೆ: ಕಾಗದದ ಲೇಬಲ್ಲೇ ಬೇಕು, ಬಾಟಲಿ ನೀರಿಗೆ ಬೀಳುವುದಿಲ್ಲ ಎಂದಾದರೆ ಹಳೇ ಮೈದಾ ಅಂಟು ಅಷ್ಟೇನೂ ಕೀಳಲ್ಲ. ಪಿಷ್ಟದ ಅಂಟು ಒಣಗಿದ ಮೇಲೆ 45 ಡಿಗ್ರಿಗೆ ಮೆತ್ತಗಾಗುವುದಿಲ್ಲ, ಒಸರುವುದಿಲ್ಲ. ತೇವ, ಜಿರಲೆ, ಬೂಷ್ಟು ಇವೇ ಅದರ ಶತ್ರುಗಳು. ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸಿಡುವ ಬಿಯರ್ ಬಾಟಲಿಗಳಿಗೆ ಹಾಲಿನ ಕೇಸಿನ್ ಪ್ರೊಟೀನಿನ ಅಂಟು ಬಹುಕಾಲದಿಂದ ನಡೆದುಬಂದಿದೆ. ತಣ್ಣೀರಿಗೆ ಬಿಡದ ಅದು ಬಾಟಲಿ ಮರಳಿ ಬಂದಾಗ ಬಿಸಿ ಕಾಸ್ಟಿಕ್ ಸೋಡಾ ನೀರಿಗೆ ಬಿಟ್ಟುಕೊಡುತ್ತದೆ.

ಮಾವಿನ ರಸದ ಡಬ್ಬಿಗೆ ಖಾಲಿ ಇರುವಾಗಲೇ ಲೇಬಲ್ ಹಚ್ಚಿಡಿ. ಅಕ್ರಿಲಿಕ್ ಅಂಟು ಪೂರ್ತಿ ಹಿಡಿತಕ್ಕೆ ಬರಲು ಒಂದು ದಿನವಾದರೂ ಬೇಕು, ಮೂರು ದಿನ ಸಿಕ್ಕರೆ ಇನ್ನೂ ಒಳ್ಳೆಯದು. ಬಗ್ಗುವ ಮುಚ್ಚಳಕ್ಕೆ ಬೇಡ, ಚಪ್ಪಟೆ ಪಕ್ಕಕ್ಕೆ ಹಚ್ಚಿ. ಪ್ರೆಸ್ಸಿನವರ ಬಳಿ ಹಚ್ಚುವ ಕನಿಷ್ಠ ಉಷ್ಣತೆ ಎಷ್ಟು, ತಾಳುವ ವ್ಯಾಪ್ತಿ ಎಷ್ಟು ಎಂಬ ಎರಡು ಅಂಕಿಗಳನ್ನು ಬರೆಸಿಕೊಳ್ಳಿ. ಈಗಾಗಲೇ ಹೆಪ್ಪುಗಟ್ಟಿರುವ ಡಬ್ಬಿಗೇ ಹಚ್ಚಬೇಕಾದ ಪ್ರಸಂಗವಿದ್ದರೆ ಮೈನಸ್ ಉಷ್ಣತೆಯಲ್ಲಿ ಹಚ್ಚಲೆಂದೇ ಮಾಡಿದ ಅಂಟು ಕೇಳಬೇಕು. ಅದನ್ನು ಉಪ್ಪಿನಕಾಯಿ ಬಾಟಲಿಗೆ ಹಚ್ಚಿದರೆ ಮೇನಲ್ಲಿ ನಿಮ್ಮ ಮೊದಲ ತಕರಾರೇ ಇಮ್ಮಡಿಯಾಗಿ ಬರುತ್ತದೆ.

ಹಳೇ ಬಾಟಲಿಯ ಲೇಬಲ್ ಕೀಳಲು ಬಿಸಿ-ಚಳಿಯ ಇದೇ ಲೆಕ್ಕವನ್ನು ತಿರುಗಿಸಿ ಬಳಸಿ. ಕಾಗದದ್ದಾದರೆ ಅಡುಗೆ ಸೋಡಾ ಬೆರೆಸಿದ ಬೆಚ್ಚನೆ ನೀರಿನಲ್ಲಿ ನೆನೆಹಾಕಿ. ನೆನೆಯದ ಪ್ಲಾಸ್ಟಿಕ್ ಹಾಳೆಯಾದರೆ ಹೇರ್ ಡ್ರೈಯರಿನಿಂದ ಕಾಯಿಸಿ, ಮೂಲೆ ಎಬ್ಬಿಸಿ, ಬಾಟಲಿಗೆ ಒರಗಿದಂತೆ ನಿಧಾನವಾಗಿ ಎಳೆಯಿರಿ. ಅದಕ್ಕೂ ಬಗ್ಗದಿದ್ದರೆ ಖಾಲಿ ಬಾಟಲಿಯನ್ನು ಒಂದೆರಡು ಗಂಟೆ ಫ್ರೀಜರಿನಲ್ಲಿಟ್ಟು, ಹೊರತೆಗೆದ ಕೂಡಲೇ ಚಾಕುವಿನ ಮೊಂಡ ಅಂಚಿನಿಂದ ಎಬ್ಬಿಸಿ. ಹಾಗೆ ತಣಿದ ಗಾಜಿಗೆ ಬಿಸಿನೀರು ಹಾಕಬೇಡಿ, ಸೀಳುತ್ತದೆ. ಉಳಿದ ಅಂಟಿನ ಕಲೆಗೆ ಕೊಬ್ಬರಿ ಎಣ್ಣೆ ಸವರಿ ಕಾಲುಗಂಟೆ ಬಿಟ್ಟು ಒರೆಸಿ. ಆಮೇಲೆ ಆ ಎಣ್ಣೆ ಜಿಡ್ಡು ಹೋಗುವಂತೆ ಪಾತ್ರೆ ತೊಳೆಯುವ ಸೋಪಿನಲ್ಲಿ ಎರಡು ಸಲ ತೊಳೆದು, ಒಂದು ಹನಿ ನೀರು ಹಾಕಿ ನೋಡಿ. ಹನಿ ಹರಡಿಕೊಂಡರೆ ಬಾಟಲಿ ಹೊಸ ಲೇಬಲ್ಲಿಗೆ ತಯಾರು.